ಹಾಡು ಮುಗಿಯೋ ತನಕ ಓವನ್ ತೆಗೆಯಬಾರದು

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಸೀದುಹೋದ ಬನ್ನಿನಿಂದಲೋ, ಹಾಡಿನಿಂದಲೋ? ಬನ್ನಿನಿಂದ ಶುರು ಮಾಡಿದರೆ ಅಡುಗೆ ಪುಸ್ತಕ ಅಂದುಕೊಂಡು ಮಡಚಿಡುತ್ತೀರಿ. ಹಾಡಿನಿಂದ ಶುರು ಮಾಡಿದರೆ "ಯಾವ ಹಾಡು, ಹಾಡಿ ನೋಡೋಣ" ಅಂತೀರಿ. ನನ್ನ ಗಂಟಲಿನ ಯೋಗ್ಯತೆ ನನಗೆ ಗೊತ್ತು.

ಮೊದಲ ಕರಡು ಹೀಗಿತ್ತು: "ಅನಂತ ಹೆದ್ದಾರಿ. ಧೂಳು. ತುಕ್ಕು ಹಿಡಿದ ಒಂದು ಟ್ರಕ್ಕು. ದೂರದಲ್ಲಿ ಗಿಟಾರಿನ ಅಳಲು..."

ಬೇಕರಿಯ ಬೆಂಚಿನ ಮೇಲೆ ಕೂತು ಇದನ್ನು ಗಟ್ಟಿಯಾಗಿ ಓದಿದೆ. ಅಕ್ಕ ಹಿಟ್ಟಿನ ಕೈ ಸೊಂಟಕ್ಕಿಟ್ಟು ಕೇಳಿದಳು.

"ನಾನೆಲ್ಲಿದೀನಿ ಮೇಷ್ಟ್ರೇ ಇದರಲ್ಲಿ?"

"ನೀವು ಮುಂದೆ ಬರ್ತೀರಿ."

"ಟ್ರಕ್ಕಲ್ಲಿ?"

ಕರಡು ಹರಿದೆ. (ನಾನು ಯಾವ ಶಾಲೆಯಲ್ಲೂ ಕಲಿಸಿದವನಲ್ಲ. ಪೆನ್ನು ಹಿಡಿದವರೆಲ್ಲ ಅವಳಿಗೆ ಮೇಷ್ಟ್ರು. ಅವಳು ಗಿರಾಕಿಗಳಿಗೆಲ್ಲ ಅಕ್ಕ. ಲೆಕ್ಕ ಚುಕ್ತಾ.)

೨

ಸರಿ, ನೆಟ್ಟಗೆ ಹೇಳುತ್ತೇನೆ. ಒಂದು ಬೇಕರಿ. ಒಳಕೋಣೆಯಲ್ಲಿ ಓವನ್ ಮುಂದೆ ಅಕ್ಕ, ಹೊರಗೆ ಗಲ್ಲಾದಲ್ಲಿ ಅವಳ ಒಡಹುಟ್ಟಿದ ತಮ್ಮ. ತಮ್ಮನಿಗೆ ಒಂದು ಹುಚ್ಚು: ಆಲ್ಟ್ ಕಂಟ್ರಿ, ಅಮೆರಿಕಾನಾ ಅಂತ ಕರೆಯೋ ಅಮೆರಿಕದ ಹಳ್ಳಿಗಾಡಿನ ಹಾಡುಗಳು. ದೊಡ್ಡ ಟೋಪಿ, ದೊಡ್ಡ ವೇದಿಕೆಯ ಕಂಟ್ರಿ ಅಲ್ಲ. ಹಗಲು ಎಲ್ಲೋ ದುಡಿದು, ಸಂಜೆ ಅಡುಗೆಮನೆಯಲ್ಲಿ ಕೂತು ಹಾಡಿ, ತಾವೇ ಕ್ಯಾಸೆಟ್ ಮಾಡಿ, ತಾವೇ ಅಂಚೆಗೆ ಹಾಕುವವರ ಹಾಡು. ಅವರ ಊರಿನವರೇ ಕೇಳಿರದ ಹೆಸರುಗಳನ್ನು ಇವನು ಹುಡುಕಿ ಹುಡುಕಿ ತರಿಸುತ್ತಾನೆ.

ತರಿಸಿದ ಮೇಲೆ ಸುಮ್ಮನಿರುವ ಜಾತಿಯಲ್ಲ. ಹಂಚಬೇಕು. ಫೋನಿಗೆ ಇಳಿಸಿ ಮನೆಯವರ ಗ್ರೂಪಿಗೆ ಕಳಿಸುತ್ತಾನೆ. ಆರು ನಿಮಿಷದ ಹಾಡಿಗೆ ಭಾವ ಕಣ್ಣು ಮಿಟುಕಿಸುವಷ್ಟರಲ್ಲಿ ಕೈಮುಗಿದ ಚಿತ್ರ ಕಳಿಸುತ್ತಾರೆ. ಸೋದರಮಾವ "ಯಾರು ತೀರಿಕೊಂಡಿದ್ದು?" ಅಂತ ಕೇಳುತ್ತಾರೆ. ಹಾಲಿನವನಿಗೆ, ಅಂಚೆಯವನಿಗೆ, ನನಗೆ, ಯಾರಿಗೂ ಬಿಡುಗಡೆಯಿಲ್ಲ. (ನಾನು "ಆಹಾ" ಅಂದಿದ್ದೇನೆ. ಕೇಳಿದ್ದೇನೆ ಅಂತ ಹೇಳಿಲ್ಲ.)

ನಿಜವಾಗಿ ಕೇಳುತ್ತಿದ್ದವಳು ಅಕ್ಕ ಒಬ್ಬಳೇ. ಯಾಕೆಂದರೆ ಅವಳು ಬೇಯಿಸುತ್ತಿದ್ದುದೇ ಹಾಡಿನ ಅಳತೆಗೆ. ಬನ್ನಿಗೆ ಇಷ್ಟು ಹಾಡು, ಬ್ರೆಡ್ಡಿಗೆ ಇಷ್ಟು ಹಾಡು. ಗಡಿಯಾರ ನೋಡಲು ಪ್ರತಿ ಸಲ ಕೈ ಒರೆಸಿಕೊಳ್ಳಬೇಕು, ಕಿವಿ ಮಾತ್ರ ಯಾವಾಗಲೂ ಖಾಲಿ. ತಮ್ಮ ಲೆಕ್ಕ ಹಾಕಿ ಕ್ಯಾಸೆಟ್ ಜೋಡಿಸುತ್ತಿದ್ದ, ಅವಳು ಕೊನೆಯ ತಂತಿ ನಿಂತ ಕೂಡಲೇ ಓವನ್ ತೆಗೆಯುತ್ತಿದ್ದಳು. ಅದಕ್ಕೆ ಮುಂಚೆ ತೆಗೆದರೆ ಬನ್ನು ಕುಸಿಯುತ್ತದೆ. ಹಾಡು ಮುಗಿಯೋ ತನಕ ಓವನ್ ತೆಗೆಯಬಾರದು. ಆ ಮನೆಯ ಕಾಯಿದೆ ಇದೊಂದೇ.

೨ (ಮತ್ತೆ)

ಮೂರಕ್ಕೆ ಹೋಗುವ ಮೊದಲು, ಶುರುವಿನಲ್ಲಿ ಅಂದೆನಲ್ಲ, ಆ ಹಾಡಿನ ಬಗ್ಗೆ ಹೇಳಬೇಕು. ಯಾವುದೋ ಲಾರಿ ಡಿಪೋದಲ್ಲಿ ಗುಮಾಸ್ತೆಯಾಗಿರುವ ಒಬ್ಬ ಹೆಂಗಸು ಅಡುಗೆಮನೆಯಲ್ಲಿ ಕೂತು ಹಾಡಿದ್ದು. ಮಡಿಲಲ್ಲಿ ಅಡ್ಡ ಮಲಗಿಸಿ ಉಕ್ಕಿನ ತುಂಡು ಜಾರಿಸುತ್ತಾ ನುಡಿಸುವ ಗಿಟಾರು. ಹಿಂದೆ ಫ್ರಿಜ್ಜಿನ ಗೊರಗೊರ. ಬಾಗಿಲಿಗೆ ಹೊಸ ಬಣ್ಣ ಹೊಡೆಸಿದೆ, ನಿನ್ನ ಕುರ್ಚಿ ಪಕ್ಕದ ಮನೆಗೆ ಕೊಟ್ಟೆ, ನಾನು ಚೆನ್ನಾಗಿದ್ದೇನೆ, ಇಷ್ಟೇ ಅದರ ಅರ್ಥ. ಆಮೇಲೆ ಗಿಟಾರು ನಿಲ್ಲುತ್ತದೆ.

ತಮ್ಮ ಈ ಹಾಡಿನ ಗುಂಗಿನಲ್ಲೇ ಇದ್ದ. ಒಂದು ದಿನ ಅದನ್ನು ಮೊದಲ ಸಲ ಬನ್ನಿನ ಸರದಿಯ ಕೊನೆಗೆ ಹಾಕಿ, ಗಿರಾಕಿಯೊಬ್ಬರಿಗೆ ಅದೇ ಹಾಡಿನ ಗುಣಗಾನ ಮಾಡುತ್ತಾ ಬೀದಿ ತಿರುವಿನವರೆಗೂ ಅವರ ಜೊತೆ ನಡೆದುಕೊಂಡು ಹೋದ. ವಾಪಸು ಬಂದಾಗ ಅಂಗಡಿ ತುಂಬಾ ಹೊಗೆ.

ಹಾಡು ನಿಂತಿತ್ತು, ನಿಜ. ಅಕ್ಕ ಓವನ್ ಹಿಡಿಗೆ ಕೈಯನ್ನೂ ಹಾಕಿದ್ದಳು. ಆದರೆ ಕ್ಯಾಸೆಟ್ಟಿನೊಳಗೆ ಫ್ರಿಜ್ಜು ಇನ್ನೂ ಗೊರಗುಡುತ್ತಿತ್ತು. ಆ ಹೆಂಗಸು ಅಡುಗೆಮನೆಯಿಂದ ಎದ್ದು ಹೋಗಿರಲಿಲ್ಲ. ತುಂಬಾ ಹೊತ್ತಿನ ಮೇಲೆ, ಗಿಟಾರಿಲ್ಲದೆ, ಬರೀ ಗಂಟಲಲ್ಲಿ ಅವಳು ಮತ್ತೆ ಹಾಡಿದಳು. ಹಾಡು ಮುಗಿದಿಲ್ಲ ಅಂದಮೇಲೆ ಓವನ್ ತೆಗೆಯೋದು ಹೇಗೆ?

"ಇದನ್ನ ನೀನು ಕೊನೇವರೆಗೂ ಕೇಳಿದೀಯೇನೋ?" ಅಂದಳು ಅಕ್ಕ, ಕರಕಲು ಟ್ರೇ ಹಿಡಿದು.

ಗಿಟಾರು ನಿಂತ ಕೂಡಲೇ ಗುಂಡಿ ಒತ್ತುವುದು ತಮ್ಮನ ಅಭ್ಯಾಸ. ಪೆಟ್ಟಿಗೆಯಲ್ಲಿ ಮುಂದಿನ ಹಾಡು ಕಾಯುತ್ತಿರುತ್ತದಲ್ಲ. ಆ ಮೌನದಾಚೆ ಏನೋ ಇದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ.

"ನೀನೇ ಪೂರ್ತಿ ಕೇಳದ್ದನ್ನ ಊರಿಗೆಲ್ಲ ಕೇಳಿ ಕೇಳಿ ಅಂತ ಹಂಚ್ತೀಯಲ್ಲೋ! ನಾಚಿಕೆ ಆಗಲ್ವಾ?"

"ಮುಂದೆ ಏನು ಹಾಡ್ತಾಳೆ ಅಕ್ಕ?"

"ನಾನ್ಯಾಕೆ ಹೇಳಲಿ?"

ಅಂದೇ ಸಂಜೆ ಅವಳು ಟಣ್ ಎನ್ನುವ ಒಂದು ಟೈಮರ್ ತಂದಳು. ಹಾಡು ಬಂದ್.

(ಅವಳು ನನಗೆ ಮಾತ್ರ ಇನ್ನೊಂದು ಮಾತು ಹೇಳಿದಳು. "ಸೀದ ವಾಸನೆ ಮೂಗಿಗೆ ಗೊತ್ತಾಯ್ತು ಮೇಷ್ಟ್ರೇ. ಕೈ ಬರಲಿಲ್ಲ. ಇದನ್ನ ಬರೀಬೇಡಿ." ಬರೆದಿದ್ದೇನೆ. ಲೇಖಕರನ್ನು ನಂಬಬೇಡಿ.)

೪

ಮೂರು ಎಲ್ಲಿ ಅಂತ ಕೇಳಬೇಡಿ. ಮೂರರಲ್ಲಿ ಬನ್ನು ಕರಕಲಾಗುವುದು ಬದುಕಿನ ರೂಪಕ ಅಂತ ಎರಡು ಪುಟ ಕೊರೆದಿದ್ದೆ. ಅಕ್ಕ ಓದಿಸಿಕೊಂಡು, "ಕರಕಲು ಅಂದ್ರೆ ಕರಕಲು. ತಿನ್ನೋಕಾಗಲ್ಲ," ಅಂದಳು.

ಆಮೇಲೆ ತಮ್ಮ ತಣ್ಣಗಾದ. ಕ್ಯಾಸೆಟ್ ಪೆಟ್ಟಿಗೆ ಗಲ್ಲಾದಡಿ ತಳ್ಳಿದ. ಗ್ರೂಪಿನಲ್ಲಿ ಹಾಡು ಬರುವುದು ನಿಂತಿತು. ಯಾರೂ ಯಾಕೆ ಅಂತ ಕೇಳಲಿಲ್ಲ. ಅದು ಅವನಿಗೆ ಇನ್ನಷ್ಟು ಚುಚ್ಚಿತು. ಆ ಒಂದು ಕ್ಯಾಸೆಟ್ಟು ಮಾತ್ರ ಒಳಕೋಣೆಯ ಪ್ಲೇಯರಿನಲ್ಲೇ ಉಳಿದಿತ್ತು. ಅಕ್ಕ ಕಸಕ್ಕೆ ಎಸೆದಿರುತ್ತಾಳೆ ಅಂತ ಅವನ ಎಣಿಕೆ. ಕೇಳಲು ಬಿಗುಮಾನ.

"ಭೂಮಿ ಮೇಲೆ ನನ್ನ ಹಾಡು ಕೇಳೋಳು ಅಂತ ಇದ್ದಿದ್ದು ಒಬ್ಬಳು ಸಾರ್," ಅಂದ, ಚೀಲಕ್ಕೆ ಬ್ರೆಡ್ಡು ಹಾಕುತ್ತಾ. "ಅವಳನ್ನೂ ಕಳ್ಕೊಂಡೆ."

ಒಳಗಿನಿಂದ ಟಣ್ ಅಂತು. ನನಗೆ ಪಾಪ ಅನ್ನಿಸಿತು. ಇದು ಕಥೆಗೆ ಚೆನ್ನಾಗಿದೆ ಅಂತಲೂ ಅನ್ನಿಸಿತು. ಎರಡೂ ನಿಜ.

೫

ಮುಕ್ತಾಯಗಳು. ಬೇಕಾದ್ದು ಆರಿಸಿಕೊಳ್ಳಿ.

(ಅ) ಆ ಹಾಡುಗಾರ್ತಿ ಸ್ವತಃ ಬೇಕರಿಗೆ ಬಂದು ಬನ್ನು ಕೇಳುತ್ತಾಳೆ.

"ಅವಳಿಗೇನು ಬೇರೆ ಕೆಲಸ ಇಲ್ವಾ?" ಅಂದ ತಮ್ಮ. ಹೊಡೆದು ಹಾಕಿದೆ.

(ಆ) ತಮ್ಮ ಒಂಟಿಯಾಗಿ ಹಾಡು ಪೂರ್ತಿ ಕೇಳಿ ಬಿಕ್ಕಿ ಬಿಕ್ಕಿ ಅಳುತ್ತಾನೆ.

"ನಾನು ಅಳಲ್ಲ ಸಾರ್. ಬೇಕಿದ್ರೆ ನೀವು ಅಳಿ."

(ಇ) ಟೈಮರ್ ಕೆಟ್ಟುಹೋಗುತ್ತದೆ.

"ಹೋದ ವಾರ ತಂದಿದ್ದು," ಅಂತ ಒಳಗಿಂದ ಅಕ್ಕ ಕೂಗಿದಳು. "ಕೆಡಲ್ಲ."

ಪಾತ್ರಗಳು ಇಷ್ಟು ಬಾಯಿ ಮಾಡಿದರೆ ಕಥೆ ಬರೆಯುವುದು ಹೇಗೆ? ಪೆನ್ನು ಮುಚ್ಚಿದೆ. ನಿಮ್ಮ ಕಥೆ ನೀವೇ ಮಾಡಿಕೊಳ್ಳಿ, ನನಗೆ ಬೆಳಗಿನ ಬನ್ನು ಸಿಕ್ಕರೆ ಸಾಕು ಅಂದೆ.

೬

ಮುಂದಿನದು ನಾನು ಬರೆದದ್ದಲ್ಲ, ನೋಡಿದ್ದು.

ಬೆಳಗ್ಗೆ ಹೋಗಿ, ಒಳಗೆಲ್ಲ ಕಾಣುವ ಬೆಂಚಿನ ಮೇಲೆ ಕೂತಾಗ ತಮ್ಮ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ. ಅವನು ಬರುವ ಹೊತ್ತಿಗೆ ಅಕ್ಕನ ಮೊದಲ ಕೆಲವು ಟ್ರೇ ಮುಗಿದಿರುತ್ತವೆ, ಅಷ್ಟು ಹೊತ್ತು ಅವಳೊಬ್ಬಳೇ ಇರುತ್ತಾಳೆ. ಇದನ್ನು ಮೊದಲೇ ಹೇಳಬೇಕಿತ್ತು. ಈಗ ಹೇಳಿದೆನಲ್ಲ.

"ಅಕ್ಕ," ಅಂದ. "ಆ ಹಾಡು ಪೂರ್ತಿ ಕೇಳ್ಬೇಕು. ಕ್ಯಾಸೆಟ್ ಇದ್ಯಾ, ಎಸೆದ್ಯಾ?"

ಅಕ್ಕ ತಿರುಗಲಿಲ್ಲ. "ಬನ್ನು ಒಳಗೆ ಹೋಗಿದೆ. ನಾನು ಹೇಳಿದಾಗ ಹಾಕು."

ಸ್ವಲ್ಪ ಹೊತ್ತಾದ ಮೇಲೆ "ಹಾಕು" ಅಂದಳು. ಹಾಕಿದ. ಕ್ಯಾಸೆಟ್ಟು ಅದರಲ್ಲೇ ಇತ್ತು. ಅದೇ ಹಾಡಿನ ಆರಂಭಕ್ಕೆ ಸುತ್ತಿಟ್ಟಿತ್ತು.

ಹೊಸ ಬಣ್ಣದ ಬಾಗಿಲು, ಪಕ್ಕದ ಮನೆಗೆ ಹೋದ ಕುರ್ಚಿ, ನಾನು ಚೆನ್ನಾಗಿದ್ದೇನೆ. ಗಿಟಾರು ನಿಂತಿತು. ತಮ್ಮನ ಕೈ ಗುಂಡಿಯ ಕಡೆಗೆ ಹೋಯಿತು, ತಡೆದು ಕಂಕುಳಲ್ಲಿ ಸಿಕ್ಕಿಸಿಕೊಂಡ. ಫ್ರಿಜ್ಜಿನ ಗೊರಗೊರ ನನಗೂ ಕೇಳಿಸಿತು.

ಅಕ್ಕ ಕೈ ಒರೆಸಿಕೊಂಡಳು. ಓವನ್ ಆರಿಸಿದಳು. ಬಾಗಿಲು ತೆಗೆಯಲಿಲ್ಲ. ಬಂದು ಹಿಟ್ಟಿನ ಮೂಟೆಯ ಮೇಲೆ ಕೂತಳು.

"ಅರೆ, ಆರಿಸಿಬಿಟ್ಯಲ್ಲ!" ತಮ್ಮ ಪಿಸುಗುಟ್ಟಿದ. "ಹಸಿ ಇರಲ್ವಾ?"

"ಒಳಗಿನ ಬಿಸಿ ಸಾಕು. ಅವಳು ಎರಡನೇ ಸಲ ಹಾಡಿ ಮುಗಿಸೋ ಹೊತ್ತಿಗೆ ಸರಿಯಾಗಿ ಬೆಂದಿರುತ್ತೆ."

"ಅಷ್ಟು ಕರಾರುವಾಕ್ಕಾಗಿ ನಿನಗೆ ಹೇಗೆ ಗೊತ್ತು?"

ಅಕ್ಕನ ಕಿವಿ ಸ್ವಲ್ಪ ಕೆಂಪಾಯಿತು, ಓವನ್ ಬಿಸಿಗೆ ಇರಬಹುದು. ತಮ್ಮ ಸುತ್ತಲೂ ನೋಡಿದ. ಟೈಮರ್ ಮೇಲಿನ ಹಲಗೆಯಲ್ಲಿ ಸುಮ್ಮನೆ ಕೂತಿತ್ತು, ಇವತ್ತು ಅದಕ್ಕೆ ಕೀಲಿ ಕೊಟ್ಟಿರಲಿಲ್ಲ. ಆ ಮೌನದ ಉದ್ದ, ಓವನ್ ತಣಿಯುವ ವೇಗ, ಇವೆರಡೂ ಒಂದಕ್ಕೊಂದು ಹೊಂದಬೇಕಾದರೆ ಎಷ್ಟು ದಿನ ಬೆಳಗ್ಗೆ ಆ ಹಾಡು ಹಾಕಿರಬೇಕು, ಎಷ್ಟು ಟ್ರೇ ಹಾಳಾಗಿರಬೇಕು ಅಂತ ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಲೆಕ್ಕ ಮುಗಿದಾಗ ಅವನ ಕಣ್ಣು ತುಂಬಿತು. (ಅಳಲ್ಲ ಅಂದಿದ್ದ. ಪಾತ್ರಗಳನ್ನೂ ನಂಬಬೇಡಿ.)

"ಅಕ್ಕ, ನೀನು ದಿನಾ..."

"ಬಾಯ್ ಮುಚ್ಕೊಂಡು ಕೇಳೋ."

ಇದಕ್ಕಿಂತ ಒಳ್ಳೆಯ ಮುಕ್ತಾಯ ನನಗಿನ್ನು ಸಿಗುವುದಿಲ್ಲ ಅನ್ನಿಸಿತು. ಕಥೆ ಮುಗಿಯಿತು. ಸದ್ದಾಗದಂತೆ ಎದ್ದು, ಚೀಲ ಹೆಗಲಿಗೆ ಹಾಕಿ, ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟೆ.

"ಎಲ್ಲಿಗೆ ಹೊರಟ್ರಿ ಮೇಷ್ಟ್ರೇ?" ಅಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. "ಫ್ರಿಜ್ಜು ಇನ್ನೂ ಓಡ್ತಿದೆ. ಕೂತ್ಕೊಳ್ಳಿ."

ಕೂತೆ.