ಹರಿವಾಣದ ಕೊಳ

ನನ್ನ ವಾರಗಿತ್ತಿ ದೀಪ್ತಿ ಮಹಾಲಕ್ಷ್ಮಿ ಲೇಔಟಿನಿಂದ ವಿಜಯನಗರದ ನಮ್ಮ ಮನೆವರೆಗೂ ತಾನೇ ಮಾಡಿದ ಪುಟ್ಟ ಕಲ್ಯಾಣಿ ಕೊಳವನ್ನು ತೊಡೆಯ ಮೇಲಿಟ್ಟುಕೊಂಡೇ ಆಟೋದಲ್ಲಿ ಬಂದಳು. ದಸರೆಗೆ ನಾಲ್ಕು ದಿನ ಬಾಕಿ ಇತ್ತು. ನಾನು ಗೊಂಬೆ ಕೂರಿಸಲು ಮೆಟ್ಟಿಲು ಜೋಡಿಸುತ್ತಿದ್ದೆ.

ನಾಲ್ಕೂ ಕಡೆ ಮೆಟ್ಟಿಲು, ನಡುವೆ ನೀರು. ನೀರೆಂದರೆ ನೀರೇ. ಮೇಲೊಂದು, ಕೆಳಗೊಂದು ಮೀನು, ತಳದಲ್ಲಿ ಪಾಚಿ.

"ರೆಸಿನ್ ಅಕ್ಕ. ಎರಡು ಬಾಟ್ಲಿದೂ ಮಿಕ್ಸ್ ಮಾಡಿ ತೆಳ್ಳಗೆ ಒಂದು ಪದರ ಹುಯ್ಯೋದು. ಅದು ಗಾಜಿನ ಹಾಗೆ ಗಟ್ಟಿಯಾದ್ಮೇಲೆ ಮೀನು ಇಟ್ಟು ಇನ್ನೊಂದು. ಹತ್ತು ದಿನ ಹಿಡೀತು," ಅಂದಳು. ಇವಳನ್ನು ಯಾರು ಕೇಳಿದ್ದರು?

ಅತ್ತೆ ಕನ್ನಡಕ ಸರಿಮಾಡಿಕೊಂಡು ನೀರಿಗೆ ಬೆರಳು ಅದ್ದಲು ಹೋದರು. ಬೆರಳು ಟಕ್ ಎಂದು ನಿಂತಿತು. ಬಾಯ್ತುಂಬ ನಕ್ಕು, "ಅಬ್ಬಾ, ಎಷ್ಟು ಚೆನ್ನಾಗಿದೆ ಕಣೇ!" ಅಂದರು.

ಇಪ್ಪತ್ತೆರಡು ವರ್ಷದಿಂದ ಈ ಮನೆಯಲ್ಲಿ ಗೊಂಬೆ ಕೂರಿಸುತ್ತಿರುವವಳು ನಾನು. ಅತ್ತೆ ತವರಿನಿಂದ ತಂದ ಹಿತ್ತಾಳೆ ಹರಿವಾಣಕ್ಕೆ ನೀರು ತುಂಬಿ, ಎರಡು ಪ್ಲಾಸ್ಟಿಕ್ ಬಾತುಕೋಳಿ ಬಿಟ್ಟರೆ ಅದೇ ನನ್ನ ಕೊಳ. ದಸರೆಯ ಅಷ್ಟೂ ದಿನ ಅತ್ತೆ ಬೆಳಿಗ್ಗೆ ಬಂದು ಅದರ ನೀರು ಬದಲಾಯಿಸಿ, ಒಂದು ಹೂ ತೇಲಿಬಿಟ್ಟು, ತುಟಿ ಪಿಟಕ್ಕೆನ್ನದೆ ಹೋಗುತ್ತಿದ್ದರು. ಚೆನ್ನಾಗಿದೆ ಎಂದು ಒಂದು ವರ್ಷವಾದರೂ ಅಂದಿದ್ದರೆ ಕೇಳಿ. ನನಗೂ ಆ ಒಂದು ಮಾತು ಬೇಕಿತ್ತು.

ಆ ರಾತ್ರಿಯೇ ಮೊಬೈಲಿನಲ್ಲಿ ರೆಸಿನ್‌ಗೆ ಆರ್ಡರ್ ಹಾಕಿದೆ. ದೀಪ್ತಿಯದಕ್ಕಿಂತ ದೊಡ್ಡ ಕೊಳ ಮಾಡಬೇಕು, ಅದೂ ಅತ್ತೆಯ ಹರಿವಾಣದಲ್ಲೇ. ಬಾಟಲಿಗಳು ಕೈಗೆ ಬಂದಾಗ ಅಮಾವಾಸ್ಯೆ ಮಧ್ಯಾಹ್ನ. ಬೆಳಗಾದರೆ ಪಾಡ್ಯ, ಒಂದೊಂದೇ ಪದರ ಹುಯ್ಯುತ್ತಾ ಕೂರಲು ಪುರುಸೊತ್ತೆಲ್ಲಿ? ಅತ್ತೆ ಮಲಗಿದ್ದಾಗ ಅಡುಗೆಮನೆಯಲ್ಲಿ ಅಷ್ಟನ್ನೂ ಕಲೆಸಿ ಹರಿವಾಣದ ಅಂಚಿನವರೆಗೆ ಒಂದೇ ಸಲ ಸುರಿದು ಬಾತುಕೋಳಿಗಳನ್ನು ಬಿಟ್ಟೆ.

ಅರ್ಧ ಗಂಟೆಯಲ್ಲಿ ಹರಿವಾಣ ಮುಟ್ಟಲಾಗದಷ್ಟು ಬಿಸಿಯಾಯಿತು. ಹೊಗೆ, ಕೆಟ್ಟ ವಾಸನೆ. ಸಂಜೆ ನೋಡಿದರೆ ಕೊಳ ಹರಳೆಣ್ಣೆಯ ಬಣ್ಣಕ್ಕೆ ತಿರುಗಿ ಅಡ್ಡಡ್ಡ ಸೀಳಿತ್ತು. ಬಾತುಕೋಳಿಗಳು ಓರೆಯಾಗಿ ಸಿಕ್ಕಿಕೊಂಡಿದ್ದವು. ಸ್ಕ್ರೂಡ್ರೈವರಿನಿಂದ ಮೀಟಿದೆ, ಜಪ್ಪಯ್ಯ ಅಂದರೂ ಏಳಲಿಲ್ಲ. ಹರಿವಾಣವನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ.

ಪಾಡ್ಯದ ಬೆಳಿಗ್ಗೆ ಅತ್ತೆ ಸ್ನಾನ ಮುಗಿಸಿ ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ದಾಸವಾಳ ಹಿಡಿದು ಗೊಂಬೆಗಳ ಮುಂದೆ ನಿಂತರು.

"ಹರಿವಾಣ ಎಲ್ಲೇ ಸುಮಾ?"

"ನಿಮ್ಮ ದೀಪ್ತಿ ಕಲ್ಯಾಣಿ ಇದೆಯಲ್ಲ ಅತ್ತೆ, ಸಾಲದಾ?" ಬೇಕೆಂದೇ ಚುಚ್ಚಿದೆ.

"ಅದು ನೋಡೋಕೆ ಚೆಂದ ಕಣೇ. ಅದ್ರಲ್ಲಿ ಹೂ ತೇಲುತ್ತಾ? ನಿನ್ ಕೊಳದಲ್ಲಿ ಹೂ ಬಿಟ್ರೇನೇ ನಂಗೆ ದಸರಾ ಬಂತು ಅನ್ಸೋದು. ಇಷ್ಟು ವರ್ಷ ಮತ್ಯಾಕೆ ಬರ್ತಿದ್ದೆ? ತಗೊಂಬಾ."

ಬೇರೆ ದಾರಿಯಿರಲಿಲ್ಲ. ತಂದು ಅವರ ಮುಂದಿಟ್ಟೆ.

ಕನ್ನಡಕ ಹಾಕಿರದ ಅತ್ತೆ ಚೊಂಬು ಕೆಳಗಿಟ್ಟು, ಬಗ್ಗಿ ಬೆರಳು ಅದ್ದಲು ಹೋದರು. ಟಕ್ ಎಂದಿತು. ಈ ಸಲ ನಗಲಿಲ್ಲ. ಬಯ್ಯಲೂ ಇಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹರಿವಾಣದ ಅಂಚನ್ನು ಸೆರಗಿನಿಂದ ಒಮ್ಮೆ ಒರೆಸಿ, ಚೊಂಬಿನ ನೀರನ್ನು ಬಾಲ್ಕನಿಯ ತುಳಸಿಗೆ ಹೊಯ್ದು ಬಂದರು. ದಾಸವಾಳವನ್ನು ದೀಪ್ತಿಯ ಕಲ್ಯಾಣಿಯ ಮೇಲಿಟ್ಟರು.