ಘಟವಾಣಿಯ ಡಾಬು

ನಾಟಕ ಕಂಪನಿಗಳಲ್ಲಿ ಖಳನಾಯಕನಾಗಿ ದಿನಾ ಸತ್ತು ಸತ್ತು ಬೇಸತ್ತಿದ್ದ ಈರಪ್ಪ, ಕಂಪನಿ ಮುಚ್ಚಿದ ಮೇಲೆ ಇಳಕಲ್ಲಿನಲ್ಲಿ ತನ್ನದೇ ಕುಸ್ತಿ ಕಂಪನಿ ಕಟ್ಟಿದ. ಕೆಮ್ಮಣ್ಣಿನ ಅಖಾಡದ ಕುಸ್ತಿಯಲ್ಲ. ಟಿವಿಯಲ್ಲಿ ಬರುತ್ತದಲ್ಲ, ಹಗ್ಗ ಕಟ್ಟಿದ ಚೌಕದೊಳಗೆ ಹಾರಿ, ಬಿದ್ದು, ಗುಡುಗಿ, ಗೆಲ್ಲುವವರು ಯಾರೆಂಬುದು ಮಧ್ಯಾಹ್ನದ ಊಟಕ್ಕೇ ತೀರ್ಮಾನವಾಗಿರುವ ಕುಸ್ತಿ. ಹಗ್ಗ ಹೊಸದಾದರೂ ಜನರ ರೂಢಿ ಹಳೆಯದೇ. ನಾಟಕದಲ್ಲಿ ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಎನ್ನುತ್ತಿದ್ದವರು ಇಲ್ಲಿ ಪಟ್ಟು ಹಿಡಿಸಿದರೂ ಹಾಗೇ ಕೂಗಿದರು. ಈರಪ್ಪನಿಗೆ ಆ ಕೂಗು ದೇವರ ಅಪ್ಪಣೆ. ಕೂಗಿದರೆ ಕುಸ್ತಿ ಮತ್ತೆ ಹಿಡಿಯಬೇಕು, ಕಡೆಯ ಸಲ ಗೆದ್ದವರದೇ ಗೆಲುವು. ಬಾದಾಮಿಯಲ್ಲಿ ಒಬ್ಬ ಪೈಲವಾನ ಗೆದ್ದು, ಸೋತು, ಮತ್ತೆ ಗೆದ್ದು, ಮತ್ತೆ ಸೋತು, ಕಡೆಗೆ ತಾನು ಏನಾದೆನೆಂದು ಹೆಂಡತಿಗೆ ಫೋನ್ ಹಚ್ಚಿ ಕೇಳಿದನಂತೆ.

ಈ ಕಂಪನಿಯಲ್ಲಿ ಜಗಳಗಂಟಿ ಘಟವಾಣಿಯ ಪಾತ್ರ ಶಿವಗಂಗಾಳದು. ಕಚ್ಚೆ ಹಾಕಿದ ಕಪ್ಪು ಇಳಕಲ್ ಸೀರೆ, ಹುಬ್ಬಿನವರೆಗೆ ಕುಂಕುಮ, ಕಣ್ಣಲ್ಲಿ ಬೆಂಕಿ. ಜನ ಬೈದಷ್ಟೂ ಅವಳ ಆಟ ಗೆದ್ದಂತೆ. ಕುಸ್ತಿ ಮಾತ್ರ ಯಾವಾಗಲೂ ಸೋಲಬೇಕು. ಸಣ್ಣವಳಿದ್ದಾಗ ಕಥೆಯಲ್ಲಿ ರಾಕ್ಷಸಿ ಸಾಯುವ ಹೊತ್ತಿಗೆ ಅಜ್ಜಿಯ ಬಾಯಿಗೆ ಕೈ ಅಡ್ಡ ಹಿಡಿದು, ‘ಒಂದ ಸಲ ಆಕಿನೂ ಗೆಲ್ಲಲಿ ಬಿಡಬೇ ಆಯಿ’ ಎನ್ನುತ್ತಿದ್ದವಳು ಅವಳು. ವರ್ಷಗಟ್ಟಲೆ ಕಾಡಿ ಬೇಡಿದ ಮೇಲೆ ಹುನಗುಂದದ ಆಟಕ್ಕೆ ಈರಪ್ಪ ಒಪ್ಪಿದ: ಗೆಲುವು ಅವಳದು, ಗೆದ್ದವರ ಸೊಂಟಕ್ಕೆ ಕಟ್ಟುವ ಬೆಳ್ಳಿ ಡಾಬೂ ಅವಳದು.

ಎದುರಾಳಿ ನಾಹಿದಾ, ಊರೂರಿನ ಮುದ್ದಿನ ‘ಮಲಪ್ರಭಾ ಹುಲಿ’. ಅಂಥ ಹುಲಿಯನ್ನು ಶಿವಗಂಗಾ ತಲೆಯ ಮೇಲೆತ್ತಿ ಒಂದು ಸುತ್ತು ತಿರುಗಿಸಿ ಒಗೆದಳು. ತೀರ್ಪು ಕೊಡುವ ಪಂಚ ಸುಭಾನಸಾಬ ನೆಲ ಬಡಿದು ಮೂರು ಎಣಿಸಿ ಗೆಲುವು ಸಾರಿದ. ಶಿವಗಂಗಾಳ ಕೈ ಡಾಬಿನತ್ತ ಚಾಚಿತ್ತು, ಅಷ್ಟರಲ್ಲಿ ಬಯಲಿಗೆ ಬಯಲೇ ಕೂಗಿತು:

“ಒನ್ಸ್ ಮೋರ್!”

“ಕಾಕಾ, ಬ್ಯಾಡ್ರಿ!” ಎಂದಳು ಶಿವಗಂಗಾ.

“ಮಂದಿ ಕೇಳ್ಯಾರವ್ವಾ, ಒಲ್ಲೆ ಅಂತ ಹೆಂಗ ಅನ್ನಲಿ? ಹಿಡೀರಿ ಮತ್ತ,” ಎಂದ ಈರಪ್ಪ.

ನಾಹಿದಾ ಮೈ ಕೊಡವಿ ಎದ್ದು ಕಣ್ಣು ಹೊಡೆದಳು. “ಗಂಗಿ, ಊಟದಾಗ ಆದ ಮಾತು ಒಂದ ಕುಸ್ತಿಗೆ. ಈಗಿಂದು ಯಾರದಂತ ಯಾರೂ ಹೇಳಿಲ್ಲ.”

“ಹಲ್ಲ ಉದುರಸ್ತೇನಿ ನೋಡ ನಿನ್ನ!”

“ಉದುರಸು. ಮಂದಿ ಅದನ್ನೂ ಮತ್ತ ಕೇಳ್ತಾರ.”

ಯಾರದೂ ಅಲ್ಲದ ಆ ಕುಸ್ತಿಯನ್ನು ಹುಲಿ ತನ್ನದೇ ಮಾಡಿಕೊಂಡಳು. ಕಾಲಿಗೆ ಕಾಲು ಕೊಟ್ಟು ಕೆಡವಿ, ಎದೆಯ ಮೇಲೆ ಕೂತು ಮೂರು ಎಣಿಸಿಕೊಂಡಳು. ಹುಲಿ ಗೆದ್ದ ಖುಷಿಗೆ ಜನ ಸಿಳ್ಳೆ ಹೊಡೆದರು. ಮತ್ತೊಮ್ಮೆ ಬೇಕೆಂದು ಒಬ್ಬರೂ ಕೇಳಲಿಲ್ಲ. ಈರಪ್ಪ ಡಾಬನ್ನು ನಾಹಿದಾಳ ಕಡೆಗೆ ಒಯ್ಯತೊಡಗಿದ.

ಬಿದ್ದಲ್ಲೇ ಒಂದು ಗಳಿಗೆ ಆಕಾಶ ನೋಡಿದ ಶಿವಗಂಗಾ, ಒಮ್ಮೆಲೇ ಸೊಂಟ ಹಿಡಿದು ಬೊಬ್ಬೆಯಿಟ್ಟಳು.

“ಯಪ್ಪಾ, ಸತ್ನ್ಯೋ! ಹುನಗುಂದದ ಮಂದಿ, ನಿಮ್ಮ ಕಾಲಿಗೆ ಬೀಳ್ತೇನಿ, ಒನ್ಸ್ ಮೋರ್ ಅಂತ ಮಾತ್ರ ಅನಬ್ಯಾಡ್ರಿ! ಇನ್ನೊಮ್ಮೆ ಬಡಿಸ್ಕೊಳ್ಳು ತಾಕತ್ತಿಲ್ರಿ ನನಗ!”

ಘಟವಾಣಿಯ ಬೇಡಿಕೆಯನ್ನು ಯಾರು ನಡೆಸಿಕೊಡುತ್ತಾರೆ? ಮುಂದಿನ ಸಾಲಿನ ಮುದುಕಿ ಮರೆವ್ವ ಸೆರಗು ಸಿಗಿಸಿ ಎದ್ದಳು. “ಕೇಳ್ರಿ ಈಕಿ ಮಾತ! ಒನ್ಸ್ ಮೋರ್ ಅನ್ರಿ ಎಲ್ಲಾರೂ!” ಎಲ್ಲರೂ ಅಂದರು. ಈರಪ್ಪ ಡಾಬು ಹಿಡಿದು ಹಿಂದೆ ಸರಿದ.

ಈ ಸಲ ಶಿವಗಂಗಾ ಎತ್ತಲಿಲ್ಲ, ತಿರುಗಿಸಲಿಲ್ಲ, ಗುಡುಗಲೂ ಇಲ್ಲ. ನಾಹಿದಾಳ ಮಣಿಕಟ್ಟು ಹಿಡಿದೆಳೆದು, ಹಾಸಿಗೆ ಹಾಸಿದಂತೆ ನೆಲಕ್ಕೆ ಹಾಸಿ, ಮೇಲೆ ಕೂತುಬಿಟ್ಟಳು.

“ಏ, ಏನರ ಆಟಾ ಮಾಡ ಗಂಗಿ! ಮಂದಿ ನೋಡಾಕತ್ತಾರ.”

“ಆಟಾ ಚಲೋ ಆದ್ರ ಮತ್ತ ಕೇಳ್ತಾರವಾ. ಸುಮ್ಮನ ಬಿದ್ಕೊ.”

ಸುಭಾನಸಾಬ ಆಕಳಿಸುತ್ತ ಮೂರು ಎಣಿಸಿದ. ಸಿಳ್ಳೆಯಿಲ್ಲ, ಚಪ್ಪಾಳೆಯಿಲ್ಲ. “ಥೂ, ಇಂಥಾದ್ದನ್ನ ಇನ್ನೊಮ್ಮೆ ಯಾರ ನೋಡ್ತಾರ,” ಎಂದು ಮರೆವ್ವ ಚಪ್ಪಲಿ ಹುಡುಕತೊಡಗಿದಳು. ಕಿವಿಗೆ ಕೈಯಿಟ್ಟು ಕಾದ ಈರಪ್ಪನಿಗೆ ಯಾವ ಕೂಗೂ ಕೇಳಲಿಲ್ಲ. ಬೇರೆ ದಾರಿಯಿಲ್ಲದೆ ಬಗ್ಗಿ, ಕೂತವಳ ಸೊಂಟಕ್ಕೇ ಡಾಬು ಕಟ್ಟಿದ.

“ಕಟ್ಟಿದ್ದಾತಲ್ಲ, ಇನ್ನರ ಏಳತಿಯೇನ?” ಎಂದಳು ಕೆಳಗಿನಿಂದ ನಾಹಿದಾ.

“ತಡಿ, ಎಲ್ಲಾರೂ ಮನಿಗೆ ಹೋಗಲಿ,” ಎಂದು ಶಿವಗಂಗಾ ಇನ್ನಷ್ಟು ಭಾರ ಬಿಟ್ಟು ಕೂತಳು.