ಅಟ್ಟದ ಮೇಲಿನ ಜಾಯಿಂಟ್

ಮೂವತ್ತನಾಲ್ಕು ವರ್ಷ ಕರೆಂಟಿನ ಕಂಬ ಹತ್ತಿ ನಿವೃತ್ತನಾದ ಲೈನ್‌ಮನ್‌ಗೆ ಜಂಬ ಪಡಲು ಎರಡೇ ವಿಷಯಗಳಿದ್ದವು. ಒಂದು, ತಾನು ತಂತಿಗೆ ತಂತಿ ಸೇರಿಸಿ ಹಾಕಿದ ಜಾಯಿಂಟ್ ಇವತ್ತಿನವರೆಗೆ ಬಿಟ್ಟುಕೊಂಡಿಲ್ಲ ಎಂಬುದು. ಇನ್ನೊಂದು, ಸೊಸೆ. ಹಾಲಿನವನು, ಕ್ಷೌರದವನು, ಗ್ಯಾಸ್ ಸಿಲಿಂಡರ್ ಹೊರುವವನು, ಯಾರು ಸಿಕ್ಕಿದರೂ ಸರಿ, ಹಿಡಿದು ನಿಲ್ಲಿಸಿ ಹೇಳುತ್ತಿದ್ದ: "ಅಂಗಡೀಲಿ ತಂದ ಕಂಪ್ಯೂಟರ್ ಅಲ್ಲ ಸ್ವಾಮಿ ನಮ್ಮದು. ನನ್ನ ಸೊಸೆ ಒಂದೊಂದೇ ಭಾಗ ತಂದು ಮನೇಲೇ ಜೋಡಿಸಿದ್ದು. ವೈರ್ ಮಾತ್ರ ನಾನು ಎಳೆದಿದ್ದು."

ಆ ಕಂಪ್ಯೂಟರಿಗೆ ವೈಫೈ ಇರಲಿಲ್ಲ. ಅದಕ್ಕೂ ಇವನೇ ಕಾರಣ. "ಗಾಳೀಲಿ ಬರೋದನ್ನೆಲ್ಲ ನಂಬಬೇಡಮ್ಮ, ತಂತಿ ನಂಬು" ಎಂದು ಹಟ ಹಿಡಿದು, ಹಾಲ್‌ನಲ್ಲಿದ್ದ ರೌಟರಿನಿಂದ ಅಟ್ಟದ ಮೇಲೆ ಹಾಯಿಸಿ, ಹಿಂದಿನ ಕೋಣೆಯವರೆಗೆ ವೈರು ಎಳೆದಿದ್ದ.

ಅವತ್ತು ಮೂರು ಗಂಟೆಗೆ ಸೊಸೆಗೆ ಇಂಟರ್‌ವ್ಯೂ. ಮೊದಲಿದ್ದ ಆಫೀಸು ಬಾಗಿಲು ಹಾಕಿ ಮೂರು ವರ್ಷವಾಗಿತ್ತು, ಅಂದಿನಿಂದ ಕೆಲಸ ಸಿಕ್ಕಿರಲಿಲ್ಲ. ಈಗ ಒಂದು ದೊಡ್ಡ ಆಸ್ಪತ್ರೆಯವರು ತಮ್ಮ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳಲು ಜನ ಹುಡುಕುತ್ತಿದ್ದರು. ಮನೆಯಲ್ಲೇ ಕೂತು ಮಾತಾಡಬಹುದು, ಆದರೆ ಮಧ್ಯದಲ್ಲಿ ಸಂಪರ್ಕ ಕಡಿದರೆ ಮತ್ತೆ ಕರೆಯುವುದಿಲ್ಲ ಎಂದು ಮೊದಲೇ ತಿಳಿಸಿದ್ದರು.

"ಫೋನಲ್ಲೇ ಮಾತಾಡಿದ್ರೆ ಆಗಲ್ವೇನೇ?" ಎಂದಳು ಲೈನ್‌ಮನ್‌ನ ಹೆಂಡತಿ.

"ಇಲ್ಲ ಅತ್ತೆ, ಕಂಪ್ಯೂಟರಲ್ಲಿ ಕೆಲಸ ಮಾಡಿ ತೋರಿಸ್ಬೇಕು."

ಒಂದೂವರೆಗೆ ಸ್ವಿಚ್ ಒತ್ತಿದರೆ ಕಂಪ್ಯೂಟರು ಮೂರು ಸಲ ಕೀ ಕೀ ಎಂದು ಸುಮ್ಮನಾಯಿತು. ಸೊಸೆ ಗಾಬರಿಯಾಗಲಿಲ್ಲ. ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು, ಬಾಚಣಿಗೆಯಂಥ ರ್ಯಾಮ್ ಹೊರತೆಗೆದು, ಅದರ ಹೊಂಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಎರಡೂ ಕಡೆ ಟಕ್ಕೆನ್ನುವವರೆಗೆ ಒತ್ತಿ ಕೂರಿಸಿದಳು. ಪರದೆ ಬೆಳಗಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಲೈನ್‌ಮನ್‌ನ ಎದೆ ಎರಡಂಗುಲ ಉಬ್ಬಿತು.

ಆದರೆ ಇಂಟರ್‌ನೆಟ್ ನಿಲ್ಲಲಿಲ್ಲ. ಬಂತು ಎನ್ನುವಷ್ಟರಲ್ಲಿ ಹೋಯಿತು, ಹೋಯಿತು ಎನ್ನುವಷ್ಟರಲ್ಲಿ ಬಂತು. ಪೆಟ್ಟಿಗೆಯ ಹಿಂದೆ ವೈರು ಚುಚ್ಚುವ ಕಡೆ ಇರುವ ಹಸಿರು ದೀಪ ಆರಿ ಹತ್ತುತ್ತಿತ್ತು. ಸೊಸೆ ಬಗ್ಗಿ ಅದನ್ನೇ ಸ್ವಲ್ಪ ಹೊತ್ತು ನೋಡಿದಳು.

"ಮಾವ, ಈ ವೈರಲ್ಲಿ ಎಲ್ಲಾದ್ರೂ ಜಾಯಿಂಟ್ ಇದೆಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಲೈನ್‌ಮನ್‌ನ ಕಣ್ಣು ತಾನಾಗಿಯೇ ಅಟ್ಟದ ಕಡೆ ಹೋಯಿತು.

"ಜಾಯಿಂಟಾ? ನಾನೆಳೆದ ವೈರಲ್ಲಾ? ಇಲ್ಲಮ್ಮ."

ಇತ್ತು. ಮನೆಯಲ್ಲಿದ್ದ ಎರಡು ಹಳೆಯ ವೈರುಗಳಲ್ಲಿ ಒಂದೂ ಕೋಣೆಯವರೆಗೆ ಮುಟ್ಟುತ್ತಿರಲಿಲ್ಲ. ಎರಡರದೂ ಒಂದೊಂದು ತುದಿ ಕತ್ತರಿಸಿ, ಒಳಗಿನ ಎಂಟೆಂಟು ಎಳೆಗಳನ್ನು ಬಣ್ಣಕ್ಕೆ ಬಣ್ಣ ನೋಡಿ, ಕರೆಂಟಿನ ತಂತಿಗೆ ಹಾಕುವ ಹಾಗೆ ಹುರಿ ಹೊಸೆದು, ಕಪ್ಪು ಟೇಪು ಸುತ್ತಿ ಅಟ್ಟದ ಮೇಲೆ ಮಲಗಿಸಿದ್ದ. ತನ್ನ ಜಾಯಿಂಟು ಜಾಯಿಂಟೇ ಅಲ್ಲ, ಅದೆಲ್ಲ ಒಂದೇ ತಂತಿ ಎಂಬುದು ಅವನ ಲೆಕ್ಕ. ಹೆತ್ತವರಿಗೆ ಹೆಗ್ಗಣ ಮುದ್ದು. ಸುಳ್ಳಲ್ಲ ಎಂದ ಮೇಲೆ ಕಣ್ಣು ಅಟ್ಟಕ್ಕೆ ಯಾಕೆ ಹೋಯಿತು ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಸೊಸೆ ನಂಬಿಬಿಟ್ಟಳು. ತೊಂದರೆಯಾದದ್ದೇ ಅದರಿಂದ. ಕೆಲಸಕ್ಕೆ ಹೋಗಿದ್ದ ಗಂಡ ಮನೆಯಲ್ಲಿದ್ದು ಈ ಮಾತು ಹೇಳಿದ್ದರೆ ಏಣಿ ಹಾಕಿ ಹತ್ತಿ ನೋಡುತ್ತಿದ್ದಳು. ಮಾವನ ಮಾತನ್ನು ಪರೀಕ್ಷೆ ಮಾಡುವ ಅಭ್ಯಾಸ ಅವಳಿಗಿರಲಿಲ್ಲ. "ಹಾಗಾದ್ರೆ ಒಳಗಿನ ಬೋರ್ಡಿಂದೇ ತೊಂದರೆ" ಎಂದು ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿದಳು. ಸ್ಕ್ರೂಗಳು ಬಟ್ಟಲಿಗೆ ಬಿದ್ದವು. ಒಂದೊಂದೇ ಭಾಗ ಕಿತ್ತು, ಒರೆಸಿ, ಮತ್ತೆ ಕೂರಿಸಿದಳು. ಸೆಟ್ಟಿಂಗು ಬದಲಾಯಿಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ತಪ್ಪಿಲ್ಲದ ಬೋರ್ಡು ಏಟು ತಿಂದಿತು. ಗಂಟೆ ಎರಡು ಹತ್ತಾಯಿತು. ಹಸಿರು ದೀಪ ಆರುತ್ತಲೇ ಇತ್ತು.

ಸೊಸೆ ಸ್ಕ್ರೂಡ್ರೈವರ್ ಕೆಳಗಿಟ್ಟಳು.

"ನನ್ನದೇ ತಪ್ಪು ಮಾವ. ಈ ಬೋರ್ಡ್ ಆರಿಸಿದ್ದು ನಾನೇ. ಮೂರು ವರ್ಷ ಮನೇಲಿ ಕೂತು ಕೈಗೆ ಕೆಲಸ ಮರೆತೇಹೋಗಿದೆ. ಇದನ್ನೇ ಸರಿ ಮಾಡಕ್ಕಾಗದವಳು ಆಸ್ಪತ್ರೇದು ಏನು ನೋಡ್ಕೋತೀನಿ? ಫೋನ್ ಮಾಡಿ ಬರಲ್ಲ ಅಂದುಬಿಡ್ತೀನಿ."

ಲೈನ್‌ಮನ್ ಏಣಿ ತಂದ, ಹತ್ತಿದ, ಟ್ರಂಕಿನ ಹಿಂದೆ ಕೈ ತೂರಿಸಿದ. ಕತ್ತರಿಸುವ ಮುಂಚೆ ಒಂದು ಗಳಿಗೆ ಜಾಯಿಂಟನ್ನು ಸವರಿದ, ಪಾಪ. ಇಳಿದು ಬಂದು ಸೊಸೆಯ ಅಂಗೈಯಲ್ಲಿಟ್ಟ.

"ಜಾಯಿಂಟ್ ಇತ್ತಮ್ಮ. ನಾನೇ ಹಾಕಿದ್ದು. ನಿನಗೆ ಸುಳ್ಳು ಹೇಳಿದೆ."

ಸೊಸೆ ಟೇಪು ಬಿಚ್ಚಿ ನೋಡಿದಳು. ಅವಳಿಗೆ ಸಿಟ್ಟು ಬಂದಿರಲೇಬೇಕು, ಬಾರದಿದ್ದರೆ ಮನುಷ್ಯಳೇ ಅಲ್ಲ. ಆದರೆ ಬಾಯಿಂದ ಬಂದದ್ದು ಬೇರೆ.

"ಎಷ್ಟು ಚೆಂದ ಹೊಸೆದಿದ್ದೀರ ಮಾವ! ಕರೆಂಟಿಗಾಗಿದ್ರೆ ನೂರು ವರ್ಷ ಬಾಳ್ತಿತ್ತು. ಇದರಲ್ಲಿ ಎಳೆಗಳು ಎರಡೆರಡಾಗಿ ಹೆಣೆದುಕೊಂಡೇ ಇರ್ಬೇಕು. ಹೆಣಿಗೆ ಬಿಟ್ಟರೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ದು ಬರೀ ಗಲಾಟೆ."

"ನಮ್ಮ ಮನೆ ಹಾಗೇ ಅನ್ನು" ಎಂದಳು ಅತ್ತೆ.

ಉಳಿದದ್ದು ಅರ್ಧ ಗಂಟೆ. ರೌಟರಿನ ಕಡೆಯ ತುಂಡು ಹಾಲ್‌ನ ಮೂಲೆಯಲ್ಲಿದ್ದ ಲೈನ್‌ಮನ್‌ನ ಮಂಚದವರೆಗೆ ಮಾತ್ರ ಬರುತ್ತಿತ್ತು. ಅವನೇ ಹಾಸಿಗೆ ಸುತ್ತಿ ಎಸೆದು, ಹಲಗೆಯ ಮೇಲೆ ಪೆಟ್ಟಿಗೆಯನ್ನೂ ಪರದೆಯನ್ನೂ ತಂದಿಟ್ಟ. ಅವನು ವೈರಿನ ಸಿಪ್ಪೆ ಸುಲಿದ. ಸೊಸೆ ಎಂಟು ಎಳೆಗಳನ್ನು ಸಾಲಾಗಿ ನಿಲ್ಲಿಸಿ, ತನ್ನ ಬಳಿಯಿದ್ದ ಹೊಸ ಪ್ಲಗ್ಗಿಗೆ ತೂರಿಸಿ, ಪ್ಲಗ್ ಕಚ್ಚಿಸುವ ಇಕ್ಕಳದಿಂದ ಅದುಮಿದಳು. ಹಸಿರು ದೀಪ ಹತ್ತಿತು. ಮೂವರೂ ಉಸಿರು ಬಿಗಿಹಿಡಿದು ನೋಡಿದರು. ಅದು ಆರಲಿಲ್ಲ.

ಮೂರು ಗಂಟೆಗೆ ಪರದೆಯ ಮೇಲೆ ಕನ್ನಡಕದ ಹೆಂಗಸೊಬ್ಬಳು ಬಂದಳು. ಲೈನ್‌ಮನ್ ಅಡುಗೆಮನೆ ಬಾಗಿಲ ಹಿಂದೆ ಕಿವಿಯಾಗಿ ನಿಂತ. ಅದು ಇದು ಮಾಡಿಸಿ ನೋಡಿದ ಮೇಲೆ ಆಕೆ ಕೇಳಿದಳು: "ಇತ್ತೀಚೆಗೆ ನೀವು ಸರಿ ಮಾಡಿದ ಒಂದು ತೊಂದರೆ ಹೇಳಿ."

ಲೈನ್‌ಮನ್ ಬಾಗಿಲ ಸಂದಿಗೆ ಇನ್ನಷ್ಟು ಹತ್ತಿರ ಸರಿದ.

"ಈಗ ತಾನೇ ಆಗಿದ್ದು ಮೇಡಂ. ಸಂಪರ್ಕ ಬಿಟ್ಟು ಬಿಟ್ಟು ಬರ್ತಿತ್ತು. ನಾನು ಬೋರ್ಡ್ ಬಿಚ್ಚಿಕೊಂಡು ತಪ್ಪು ಜಾಗದಲ್ಲಿ ಹುಡುಕ್ತಿದ್ದೆ. ವೈರಲ್ಲಿದೆ ಅಂತ ತೋರಿಸಿಕೊಟ್ಟಿದ್ದು ನಮ್ಮ ಮಾವ. ಅವರು ಲೈನ್‌ಮನ್ ಆಗಿದ್ದವರು."

ಅಷ್ಟೇ. ಸುಳ್ಳಿನ ವಿಷಯ ಎತ್ತಲಿಲ್ಲ.

ಅಡುಗೆಮನೆಯಲ್ಲಿ ಹೆಂಡತಿ ಅವನ ಬನಿಯನ್ ಹಿಡಿದು ಎಳೆದಳು, ಸಾಲಲಿಲ್ಲ. ತಲೆಯಲ್ಲಿ ಅಟ್ಟದ ಜೇಡರ ಬಲೆ ಹೊತ್ತುಕೊಂಡೇ ಲೈನ್‌ಮನ್ ಪರದೆಯ ಮುಂದೆ ಬಂದು ನಿಂತ.

"ತಪ್ಪು ತಿಳ್ಕೋಬೇಡಿ ಮೇಡಂ. ಇವಳು ಮೊದಲೇ ಕಂಡುಹಿಡಿದಿದ್ಲು. ಜಾಯಿಂಟ್ ಇದೆಯಾ ಅಂತ ಕೇಳಿದ್ಲು. ಇದ್ದಿದ್ದನ್ನ ಇಲ್ಲ ಅಂದಿದ್ದು ನಾನು. ಇವಳು ನನ್ನ ಮಾತು ನಂಬಿದ್ಲು ಅಷ್ಟೇ. ಅದನ್ನ ಬರ್ಕೊಳ್ಳಿ."

ಆಕೆ ಕನ್ನಡಕ ತೆಗೆದು ಅವನನ್ನು ನೋಡಿದಳು. ಆಮೇಲೆ ನಿಜವಾಗಿಯೂ ಏನನ್ನೋ ಬರೆದುಕೊಂಡಳು.

"ಬರ್ಕೊಂಡೆ, ಯಜಮಾನ್ರೇ. ಸೋಮವಾರದಿಂದ ನಿಮ್ಮ ಸೊಸೇನ ಕೆಲಸಕ್ಕೆ ಕಳಿಸಿ."

ಲೈನ್‌ಮನ್ ಒಂದೇ ಕೈ ಎತ್ತಿ ನಮಸ್ಕಾರ ಮಾಡಿದ. ಕ್ಯಾಮೆರಾಕ್ಕೆ ಕಾಣದ ಹಾಗೆ, ಕೆಳಗೆ, ಸೊಸೆ ಅವನ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.